ಡಿಪೋಗೆ ಹೋದ ದಾರಿ

ನವೆಂಬರ್ 6

ಅಮ್ಮಾ,

ಫೋನ್ ಮಾಡಿದರೆ ನೀನು "ಎಲ್ಲ ಚೆನ್ನಾಗಿದೆ, ಗಿರಾಕಿ ಬಂದ್ರು" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರವನ್ನು ಅರ್ಧಕ್ಕೆ ಕತ್ತರಿಸಲು ನಿನಗೂ ಆಗುವುದಿಲ್ಲ.

ಸುದ್ದಿ ಏನೆಂದರೆ, ನನಗೊಂದು ಗೋಡೆ ಸಿಗುವ ಹಾಗಿದೆ. ಇಲ್ಲಿಯ ಗ್ಯಾಲರಿಯ ಯಜಮಾನಿ ಮೊನ್ನೆ ನನ್ನ ಕೋಣೆಗೆ ಬಂದಿದ್ದರು. ಹಣೆಯ ಮೇಲೊಂದು, ಮೂಗಿನ ಮೇಲೊಂದು ಕನ್ನಡಕ ಇಟ್ಟುಕೊಂಡಿರುತ್ತಾರೆ, ಹಾಗಾಗಿ ನಾವೆಲ್ಲ ಅವರನ್ನು ಜೋಡಿ ಕನ್ನಡಕ ಅನ್ನುತ್ತೇವೆ, ಬೆನ್ನ ಹಿಂದೆ. ಇಲ್ಲಿರುವ ಚಿತ್ರಗಳನ್ನೆಲ್ಲ ತರಕಾರಿ ಆರಿಸುವ ಹಾಗೆ ನೋಡಿದರು. ಯಾವುದನ್ನೂ ಬುಟ್ಟಿಗೆ ಹಾಕಿಕೊಳ್ಳಲಿಲ್ಲ. ಹೊರಡುವಾಗ ಬಾಗಿಲ ಪಕ್ಕ ಅಂಟಿಸಿದ್ದ ಒಂದು ಫೋಟೋ ಮುಂದೆ ನಿಂತುಬಿಟ್ಟರು. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿರುವ ನನ್ನ 'ದಾರಿ' ಚಿತ್ರದ ಫೋಟೋ.

"ಇದೆಲ್ಲಿದೆ?" ಅಂದರು. "ಮನೇಲಿ" ಅಂದೆ. "ಇದು ಬಂದ್ರೆ ಫೆಬ್ರವರಿಯ ಪ್ರದರ್ಶನದಲ್ಲಿ ನಡುಗೋಡೆ ನಿಂದು. ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ನೋಡೋಣ ಅಂದರೆ ಏನು ಅಂತ ನಿನಗೆ ಗೊತ್ತು. ನಿನ್ನ ಅಂಗಡಿಯಲ್ಲಿ ಹತ್ತು ಫ್ರೇಮು ತೆಗೆಸಿ ನೋಡಿ "ಆಮೇಲೆ ಬರ್ತೀವಿ" ಅನ್ನುವವರ ಮಾತು ಅದು.

ಆ ಚಿತ್ರ ಹುಟ್ಟಿದ ಕೋಣೆಯಿಂದ ಹೊರಗೇ ಬಂದಿಲ್ಲ. ಬಾಗಿಲಿಗಿಂತ ದೊಡ್ಡದು. ಒಳಚೌಕಟ್ಟಿನಿಂದ ಕ್ಯಾನ್ವಾಸ್ ಬಿಡಿಸಿ, ಸುತ್ತಿಯೇ ಕಳಿಸಬೇಕು. ಊರವರ ಚಿತ್ರಗಳನ್ನೆಲ್ಲ ಎಳೆದು ಬಿಗಿದು ಕಟ್ಟಿದವಳು ನೀನು. ನಿನ್ನನ್ನು ಬಿಟ್ಟು ಬೇರೆ ಯಾರ ಕೈಗೂ ನಾನು ಅದನ್ನು ಕೊಡುವುದಿಲ್ಲ.

ಅಪ್ಪ ಹೇಗಿದ್ದಾರೆ? ಅವರ ಬಸ್ಸಿನ ಮುಂಗಾಜಿನಿಂದ ಕಾಣುತ್ತಿದ್ದ ದಾರಿ ಗ್ಯಾಲರಿಯ ಗೋಡೆ ಹತ್ತುತ್ತಿದೆ ಅಂತ ಹೇಳು. ಫೋನಿಗೆ ಯಾಕೆ ಬರುವುದೇ ಇಲ್ಲ ಅವರು?

ನಿನ್ನ
ಗಡಿಬಿಡಿ


ನವೆಂಬರ್ 22

ನನ್ನ ಗಡಿಬಿಡಿಗೆ,

ಪತ್ರ ಬಂತು. ಓದಿ ಖುಷಿಯಾಯಿತು. ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಪಕ್ಕದ ಟೈಲರಮ್ಮನಿಗೆ ಎರಡು ಸಲ ಹೇಳಿದೆ, ಮೊದಲ ಸಲ ಅವಳು ಮಿಷನ್ ತುಳಿಯುತ್ತಿದ್ದಳು.

ಆದರೆ ಚಳಿ ಶುರುವಾಗಿದೆ. ಚಳಿಯಲ್ಲಿ ಬಣ್ಣ ಬಿರುಸಾಗುತ್ತದೆ, ಸುತ್ತುವಾಗ ಬಿರುಕು ಬಿಡುತ್ತದೆ. ಅಷ್ಟು ದೊಡ್ಡದನ್ನು ಸುತ್ತಲು ದಪ್ಪ ಪೈಪು ಬೇಕು, ಸಣ್ಣ ಪೈಪಿಗೆ ಸುತ್ತಿದರೆ ಚಿತ್ರದ ಬೆನ್ನು ಮುರಿದ ಹಾಗೆ. ಅಂಥ ಪೈಪು ಸದ್ಯಕ್ಕೆ ಸಿಗುತ್ತಿಲ್ಲ. ಲಾರಿಯವರನ್ನು ನಂಬುವ ಹಾಗಿಲ್ಲ. ನನ್ನ ಮಣಿಕಟ್ಟೂ ಆಗಾಗ ನೋಯುತ್ತದೆ.

ನೀನು ಬರೆದ ಆ ಹೊಲಿಗೆ ಮಿಷನ್ನಿನ ಚಿತ್ರ ಇದೆಯಲ್ಲ, ಅದೂ ಚೆನ್ನಾಗಿದೆ. ಬಗಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಬಹುದು. ಅದನ್ನು ಕಳಿಸಲಾ?

ನಿಮ್ಮಪ್ಪ ಚೆನ್ನಾಗಿದ್ದಾರೆ. ಸ್ವಲ್ಪ ಮರೆವು, ವಯಸ್ಸಿಗೆ ತಕ್ಕಷ್ಟು. ಆ ಚಿತ್ರದ ಮುಂದೆ ಕೂರುವ ಅಭ್ಯಾಸ ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಕೂತರೆ ಊಟಕ್ಕೆ ಕರೆಯುವವರೆಗೂ. ಅದಿಲ್ಲದಿದ್ದರೆ ಅವರಿಗೆ ಹೊತ್ತು ಹೋಗುವುದು ಕಷ್ಟ.

ಸರಿಯಾಗಿ ತಿನ್ನು. ತಿಂದೆ ಅಂತ ಸುಳ್ಳು ಬರೆಯಬೇಡ.

ನಿನ್ನ ಅಮ್ಮ


ಡಿಸೆಂಬರ್ 3

ಅಮ್ಮಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಚಳಿ ಅಂದೆ, ಪೈಪು ಅಂದೆ, ಲಾರಿ ಅಂದೆ, ಮಣಿಕಟ್ಟು ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದು ನಿನಗೆ ಒಪ್ಪುವ ಮಾತಲ್ಲ. ನಿನಗೆ ಕುಣಿಯಲು ಚೆನ್ನಾಗಿ ಬರುತ್ತದೆ.

ನಾನು ಚಿಕ್ಕವನಿದ್ದಾಗ ಕ್ಯಾನ್ವಾಸ್ ಬಿಗಿಯಲು ಕೂರಿಸಿಕೊಂಡು ಏನು ಹೇಳುತ್ತಿದ್ದೆ ನೆನಪಿದೆಯಾ? "ಮೂಲೆಯಿಂದ ಶುರು ಮಾಡೋನು ಮೂರ್ಖ. ಮೊದಲು ನಡುವೆ ಒಂದು ಪಿನ್ನು, ಆಮೇಲೆ ಎದುರಿನ ನಡುವೆ. ನಡು ಗಟ್ಟಿಯಾದ ಮೇಲೆ ಮೂಲೆಗೆ ಹೋಗು." ನಿನ್ನ ಪತ್ರ ನಾಲ್ಕೂ ಮೂಲೆ ಸುತ್ತಿದೆ. ನಡು ಎಲ್ಲಿ?

ಅಪ್ಪನಿಗೆ ಹೊತ್ತು ಹೋಗುವುದಿಲ್ಲ ಅಂದೆ. ಪ್ರದರ್ಶನ ಮುಗಿದ ಮೇಲೆ ಚಿತ್ರ ವಾಪಸ್ ಬರುತ್ತದಲ್ಲ, ಅಷ್ಟು ದಿನ ಟೈಲರಮ್ಮನ ಗಂಡನ ಜೊತೆ ಇಸ್ಪೀಟು ಆಡಲಿ.

ಆ ಚಿತ್ರ ಯಾಕೆ ಬರೆದೆ ಅಂತ ಜೋಡಿ ಕನ್ನಡಕ ಕೇಳಿದರು. ನಾನು ಸ್ಕೂಲಿಗೆ ಹೋಗುತ್ತಿದ್ದುದು ಅಪ್ಪನ ಬಸ್ಸಿನಲ್ಲಿ, ಅವರ ಹಿಂದಿನ ಸೀಟಿನಲ್ಲಿ ನಿಂತುಕೊಂಡು ನೋಡುತ್ತಿದ್ದ ದಾರಿ ಅದು ಅಂದೆ. ದಿನಾ ಬೆಳಿಗ್ಗೆ ನಮ್ಮ ಬೀದಿಯ ಮೂಲೆಯಲ್ಲಿ ಬಸ್ಸು ನಿಲ್ಲಿಸುತ್ತಿದ್ದರು. ನಾನು ಹತ್ತುತ್ತಿದ್ದೆ, ಪೆನ್ಸಿಲ್ ಡಬ್ಬಿ ಮರೆತದ್ದು ನೆನಪಾಗಿ ಇಳಿದು ಓಡುತ್ತಿದ್ದೆ. ಹಿಂದಿನವರು ಗೊಣಗಿದರೆ ಅಪ್ಪ ತಿರುಗಿಯೂ ನೋಡದೆ "ಓಡಿ ಬರ್ತಾನೆ, ನೋಡ್ತಿರಿ" ಅನ್ನುತ್ತಿದ್ದರು. ಗಡಿಬಿಡಿ ಅಂತ ಹೆಸರು ಬಿದ್ದದ್ದೇ ಆ ಬಸ್ಸಿನಲ್ಲಿ. ಇದನ್ನೆಲ್ಲ ಕೇಳಿ ಜೋಡಿ ಕನ್ನಡಕ ಎರಡೂ ಕನ್ನಡಕ ತೆಗೆದು ಒರೆಸಿಕೊಂಡರು.

ಅಮ್ಮಾ, ನನಗೆ ಈ ಗೋಡೆ ಬೇಕು. ಇಷ್ಟು ವರ್ಷದಲ್ಲಿ ನಿನ್ನ ಹತ್ತಿರ ಬಾಯಿಬಿಟ್ಟು ಏನೂ ಕೇಳಿಲ್ಲ. ಇದನ್ನು ಕೇಳುತ್ತಿದ್ದೇನೆ.

ಗಡಿಬಿಡಿ


ಡಿಸೆಂಬರ್ 19

ಮಗನೇ,

ಕಳಿಸಿದ್ದೇನೆ.

ಪೈಪು ಸಿಕ್ಕಿತು, ನೀರಿನ ಲೈನಿನವರು ಉಳಿಸಿದ್ದ ದೊಡ್ಡದು. ಬಿಸಿಲು ಏರುವವರೆಗೆ ಕಾದು, ಕೋಣೆ ಬೆಚ್ಚಗಾದ ಮೇಲೆ ಪಿನ್ನುಗಳನ್ನು ಒಂದೊಂದಾಗಿ ಎತ್ತಿದೆ. ಆವತ್ತು ನಿಮ್ಮಪ್ಪನನ್ನು ಟೈಲರಮ್ಮನ ಮನೆಗೆ ಕಳಿಸಿದ್ದೆ.

ಈಗ ಕಿವಿಗೊಟ್ಟು ಕೇಳು. ಬಣ್ಣ ಹೊರಗೆ ಇರುವ ಹಾಗೆ ಸುತ್ತಿದ್ದೇನೆ. ನೋಡಿದವರು ಹೌಹಾರುತ್ತಾರೆ, ಬಣ್ಣವನ್ನು ಒಳಗಿಟ್ಟು ಕಾಪಾಡಬೇಕಲ್ಲವಾ ಅಂತ. ಒಳಗಿಟ್ಟರೆ ಬಣ್ಣ ಒತ್ತಿಕೊಂಡು ಸುಕ್ಕಾಗಿ ಪದರ ಎದ್ದುಬಿಡುತ್ತದೆ. ಹೊರಗಿದ್ದರೆ ಸ್ವಲ್ಪ ಹಿಗ್ಗುತ್ತದೆ, ಬಿಡಿಸಿದ ಮೇಲೆ ತನ್ನ ಜಾಗಕ್ಕೆ ಬರುತ್ತದೆ. ಬಣ್ಣದ ಮೇಲೆ ನುಣುಪು ಕಾಗದ, ಅದರ ಮೇಲೆ ಬಟ್ಟೆ, ಆಮೇಲೆ ಗುಳ್ಳೆ ಪ್ಲಾಸ್ಟಿಕ್. ಗುಳ್ಳೆ ನೇರವಾಗಿ ಬಣ್ಣಕ್ಕೆ ತಾಗಿದರೆ ನಿನ್ನ ದಾರಿಗೆ ಸಿಡುಬು ಬಂದ ಹಾಗಾಗುತ್ತದೆ.

ಬಂದ ತಕ್ಷಣ ಬಿಚ್ಚಬೇಡ. ಕೋಣೆಯ ಬಿಸಿಗೆ ಹೊಂದಿಕೊಳ್ಳಲಿ. ಆಮೇಲೆ ನೆಲ ಒರೆಸಿ, ಬೆಡ್‌ಶೀಟ್ ಹಾಸಿ, ಮೆಲ್ಲಗೆ ಬಿಡಿಸಿ, ಒಂದೆರಡು ದಿನ ಹಾಗೇ ಮಲಗಲು ಬಿಡು. ಪ್ರಯಾಣ ಮಾಡಿ ಬಂದವರನ್ನು ಬಾಗಿಲಲ್ಲೇ ಕೆಲಸಕ್ಕೆ ಹಚ್ಚಬಾರದು. ಬಿಗಿಯುವಾಗ ಇಬ್ಬರು ಬೇಕು. ಒಬ್ಬರು ಇಕ್ಕಳ ಹಿಡಿದು ಎಳೆಯಲಿ, ಒಬ್ಬರು ಪಿನ್ನು ಹೊಡೆಯಲಿ. ಹೊಸ ಕ್ಯಾನ್ವಾಸ್ ಎಳೆದ ಹಾಗೆ ಎಳೆಯಬೇಡ, ಬಣ್ಣ ಹೊತ್ತಿರುವ ಬಟ್ಟೆ ಅದು. ಸಡಿಲ ಕಂಡರೆ ಮೂಲೆಯಲ್ಲಿ ಬೆಣೆ ತಟ್ಟಿ ಬಿಗಿ ಮಾಡಿಕೊ. ಅಳತೆ ಬರೆದಿದ್ದೇನೆ, ಅಲ್ಲಿಯ ಬಡಗಿಯಿಂದ ಒಳಚೌಕಟ್ಟು ಮಾಡಿಸು. ಹಳೆಯದು ಇಲ್ಲೇ ಇರಲಿ.

ಕೆಳಗಿನ ಅಂಚಿನಲ್ಲಿ ಬಣ್ಣ ಸ್ವಲ್ಪ ಸವೆದಿದೆ. ತಲೆ ಕೆಡಿಸಿಕೊಳ್ಳಬೇಡ.

ಮುಗಿದ ದಿನವೇ ವಾಪಸ್ ಕಳಿಸು.

ಅಮ್ಮ


ಜನವರಿ 8

ಅಮ್ಮಾ,

ಚಿತ್ರ ಸುರಕ್ಷಿತವಾಗಿ ಬಂತು. ಗ್ಯಾಲರಿಯ ಹಿಂದಿನ ಕೋಣೆಯಲ್ಲಿ ನೀನು ಹೇಳಿದ ಹಾಗೇ ಮಲಗಿಸಿದೆ. ನಿನ್ನೆ ಬಿಗಿದೆ. ಒಬ್ಬನೇ ಮಾಡಿಬಿಡೋಣ ಅಂತ ಹೊರಟು, ಅವಸರಕ್ಕೆ ಮೂಲೆಯಿಂದಲೇ ಶುರು ಮಾಡಿದೆ. ಬೈಯಬೇಡ. ದಾರಿಯ ನಡುವೆ ಇಷ್ಟುದ್ದ ಸೊಟ್ಟ ಅಲೆ ಎದ್ದಿತು. ಪಿನ್ನು ಪೂರ್ತಿ ಕಿತ್ತು, ಕಾವಲುಗಾರರನ್ನು ಕರೆದೆ. ಅವರು ಎಳೆದರು, ನಾನು ಹೊಡೆದೆ. ನಡು, ಎದುರಿನ ನಡು, ಆಮೇಲೆ ಉಳಿದದ್ದು. ಬೆರಳಿಂದ ತಟ್ಟಿದರೆ ಈಗ ನೀನು ಮೆಚ್ಚುವಂಥ ಸದ್ದು.

ಆದರೆ ಅಮ್ಮಾ, ಸ್ವಲ್ಪ ಸವೆದಿದೆ ಅಂದೆಯಲ್ಲ, ಅದು ಸ್ವಲ್ಪವಾ? ಕೆಳಗೆ ಬಲಗಡೆ ಅಂಗೈಗಿಂತ ದೊಡ್ಡ ಜಾಗದಲ್ಲಿ ಬಣ್ಣವೇ ಇಲ್ಲ. ನೂಲು ಕಾಣುತ್ತಿದೆ, ಮೇಲೆ ಎಣ್ಣೆಗಪ್ಪು ಹೊಳಪು. ಏನು ಒರಗಿಸಿಟ್ಟಿದ್ದೆ ಅಲ್ಲಿ? ಮರದ ಮೂಟೆಯಾ? ಗಿರಾಕಿ ಚಿತ್ರಕ್ಕೆ ಬೆರಳು ತಾಗಿಸಿದರೆ ಕೈಗೆ ಹೊಡೆಯುವವಳು ನೀನು. ಮಗನ ಚಿತ್ರ ಅಂದರೆ ಅಷ್ಟು ಸಸಾರವಾಯಿತಾ?

ತೂಗುಹಾಕುವ ಮುಂಚೆ ಅಲ್ಲಿಗೆ ಬಣ್ಣ ಕೊಡು ಅಂತ ಜೋಡಿ ಕನ್ನಡಕ ಹೇಳಿದ್ದಾರೆ. ಇನ್ನೊಂದು ಮಾತೂ ಹೇಳಿದರು. ಇಲ್ಲಿ ಮುಗಿದ ಮೇಲೆ ಈ ಚಿತ್ರ ಬೇರೆ ಊರುಗಳಿಗೂ ಹೋಗಬಹುದು, ಒಂದು ವರ್ಷದ ಮಟ್ಟಿಗೆ. ನನಗೆ ನಿದ್ದೆ ಬರುತ್ತಿಲ್ಲ, ಸಂತೋಷಕ್ಕೆ. ಸಿಟ್ಟಿಗೂ.

ಗಡಿಬಿಡಿ


ಜನವರಿ 14

ಮಗನೇ,

ಅದು ಮೂಟೆಯಲ್ಲ. ನಿಮ್ಮಪ್ಪನ ಬಲಗಾಲು.

ನಡುವಿನಿಂದ ಶುರು ಮಾಡು ಅಂದೆಯಲ್ಲ, ತಗೋ. ಅವರ ಮರೆವು ಸ್ವಲ್ಪ ಅಲ್ಲ. ಎಲ್ಲ ಹೋಗಿದೆ. ನೀನು ಕೊನೆಯ ಸಲ ಬಂದು ಹೋದ ಮೇಲೆ ಶುರುವಾಗಿ ಎರಡು ವರ್ಷವಾಯಿತು. ನನ್ನನ್ನು ಒಂದು ದಿನ ಕಂಡಕ್ಟರ್ ಅನ್ನುತ್ತಾರೆ, ಒಂದು ದಿನ ಪ್ಯಾಸೆಂಜರ್. ಹೆಂಡತಿ ಅನ್ನುವುದು ಅಪರೂಪ. ಫೋನಿಗೆ ಯಾಕೆ ಬರುವುದಿಲ್ಲ ಅಂತ ನೀನು ಕೇಳಿದ್ದೆಯಲ್ಲ. ನಿನ್ನ ಜೊತೆ ಏನು ಮಾತಾಡಬೇಕು ಅಂತ ಅವರಿಗೆ ತಿಳಿಯುವುದಿಲ್ಲ, ಅದಕ್ಕೆ.

ಮೊದಮೊದಲು ಡ್ಯೂಟಿಗೆ ಹೊತ್ತಾಯಿತು ಅಂತ ದಿನಾ ಬಾಗಿಲು ಬಡಿಯುತ್ತಿದ್ದರು. ನಾನು ಬೀಗ ಹಾಕಿ ಆಚೆ ಕೂತು ಅಳುತ್ತಿದ್ದೆ. ಒಂದು ದಿನ ಹಿಂದಿನ ಕೋಣೆಗೆ ಹೋದವರು ನಿನ್ನ ಚಿತ್ರದ ಮುಂದಿನ ಸ್ಟೂಲಿನ ಮೇಲೆ ಕೂತರು. ಸುಮ್ಮನೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ರೂ ಹತ್ತಿದ್ರಾ?" ಅಂದರು. ಹತ್ತಿದರು ಅಂದೆ. ಅಂಗಡಿಯಲ್ಲಿ ಕನ್ನಡಿ ಒಡೆದುಹೋದ ಒಂದು ದುಂಡು ಫ್ರೇಮು ಬಿದ್ದಿತ್ತು, ತಂದು ಕೈಗೆ ಕೊಟ್ಟೆ. ಸ್ಟೇರಿಂಗ್ ಹಿಡಿದ ಹಾಗೆ ಹಿಡಿದುಕೊಂಡು ಹೊರಟೇಬಿಟ್ಟರು. ಆವತ್ತು ಹೊಟ್ಟೆ ತುಂಬ ಊಟ ಮಾಡಿ ಮಗುವಿನ ಹಾಗೆ ಮಲಗಿದರು.

ಅಂದಿನಿಂದ ದಿನಾ ಓಡಿಸುತ್ತಾರೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ಫ್ರೇಮಿಗೆ ಮರಳುಕಾಗದ ಉಜ್ಜುತ್ತೇನೆ. "ಬಾಗಿಲ ಹತ್ರ ನಿಲ್ಬೇಡಿ, ಒಳಗೆ ಜಾಗ ಇದೆ" ಅನ್ನುತ್ತಾರೆ. ಚಿತ್ರಕ್ಕೆ ಕಾಲು ತಾಗುತ್ತೆ, ತೆಗೀರಿ ಅಂದೆ. "ಆಕ್ಸಿಲರೇಟರ್ ಒತ್ತದೆ ಬಸ್ಸು ಹೇಗೆ ಹೋಗುತ್ತೆ, ನೀವೇ ಹೇಳಿ ತಾಯಿ" ಅಂದರು. ತಾಯಿ ಅಂತೆ, ನಾನು! ಚಪ್ಪಲಿ ಬಿಡಿಸಿದೆ. ನನ್ನ ಕೈಲಾದದ್ದು ಅಷ್ಟೇ. ಕಾಲು ಉಜ್ಜಿ ಉಜ್ಜಿ ಬಣ್ಣ ಹೋಗುತ್ತಿದ್ದುದನ್ನು ದಿನಾ ನೋಡುತ್ತಿದ್ದೆ. ನೋಡಿಯೂ ಬಿಟ್ಟೆ.

ಚಿತ್ರ ಹೋದ ಮಾರನೆಯ ಬೆಳಿಗ್ಗೆ ಬರೀ ಚೌಕಟ್ಟು ನೋಡಿ "ಗಾಜು ಎಲ್ಲಿ?" ಅಂದರು. ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಮನೆಯಲ್ಲಿಲ್ಲ. ಬೀದಿ ಬೀದಿ ಹುಡುಕಿದೆ. ಕೊನೆಗೆ ಬಸ್ ನಿಲ್ದಾಣದಲ್ಲಿ ಯಾರದೋ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಆ ಡ್ರೈವರ್ ಪುಣ್ಯಾತ್ಮ, ಬೈದಿರಲಿಲ್ಲ. ಕೆಳಗೆ ನಿಂತು, "ಸಾರ್, ಈ ಟ್ರಿಪ್ ನಂದು, ನಿಮ್ದು ನಾಳೆ" ಅನ್ನುತ್ತಿದ್ದ.

ನಿಮ್ಮ ಬಸ್ಸು ಸರ್ವಿಸ್‌ಗೆ ಡಿಪೋಗೆ ಹೋಗಿದೆ ಅಂತ ಹೇಳಿ ಕರೆದುಕೊಂಡು ಬಂದೆ. "ಮೊದ್ಲೇ ಹೇಳ್ಬಾರ್ದಾ? ಬ್ರೇಕು ಸಡಿಲ ಇತ್ತು" ಅಂದರು. ಈಗ ದಿನಾ ಬೆಳಿಗ್ಗೆ "ಬಂತಾ?" ಅಂತ ಕೇಳುತ್ತಾರೆ. ಇಲ್ಲ ಅಂದರೆ "ಡಿಪೋದವ್ರು ಹಾಗೇ" ಅಂದು ಕಿಟಕಿ ಪಕ್ಕ ಕೂರುತ್ತಾರೆ. ದುಂಡು ಫ್ರೇಮು ತೊಡೆಯ ಮೇಲಿರುತ್ತದೆ. ತಿರುಗಿಸುವುದಿಲ್ಲ. ಊಟ ಅರ್ಧ ತಟ್ಟೆಯಲ್ಲೇ ಉಳಿಯುತ್ತಿದೆ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ನನ್ನ ಮಣಿಕಟ್ಟು ಮುರಿದಾಗ ನೀನು ಕಲಿಯುವುದನ್ನು ಬಿಟ್ಟು ಓಡಿ ಬಂದೆ. ವಾಪಸ್ ಹೋಗುವಷ್ಟರಲ್ಲಿ ನಿನ್ನ ಜಾಗ ಬೇರೆಯವರ ಪಾಲಾಗಿತ್ತು. ಇನ್ನೊಂದು ಸಲ ಹಾಗಾಗುವುದು ನನಗೆ ಬೇಡ.

ಬಣ್ಣ ಕೊಡಬೇಕಾದರೆ ಕೊಡು. ವರ್ಷ ಊರೂರು ಸುತ್ತಿಸಬೇಕಾದರೆ ಸುತ್ತಿಸು. ನಾನು ಹೇಗೋ ಸಂಭಾಳಿಸುತ್ತೇನೆ. ಆದರೆ ಬಣ್ಣ ಬಳಿಯುವ ಮುಂಚೆ ಅದರ ಮೇಲೆ ಒಂದು ಸಲ ಕೈ ಇಟ್ಟು ನೋಡು.

ಅಮ್ಮ


ಜನವರಿ 18

ಅಮ್ಮಾ,

ಕೈ ಇಡಲಿಲ್ಲ. ಚಪ್ಪಲಿ ಬಿಟ್ಟು ಕಾಲಿಟ್ಟೆ. ಕಾವಲುಗಾರರು ಕಂಡೂ ಕಾಣದ ಹಾಗೆ ಬಾಗಿಲ ಕಡೆ ತಿರುಗಿ ನಿಂತರು. ಅಪ್ಪನ ಪಾದದ ಗುರುತಿನಲ್ಲಿ ನನ್ನ ಪಾದ ಇಟ್ಟ ಮೇಲೂ ಸುತ್ತ ಜಾಗ ಉಳಿದಿತ್ತು. ಅಲ್ಲೇ ಕೂತು ಅತ್ತೆ.

ಬಣ್ಣ ಕೊಡುವುದಿಲ್ಲ. ಹೀಗೇ ತೂಗುಹಾಕುತ್ತೇನೆ ಅಂತ ಜೋಡಿ ಕನ್ನಡಕಕ್ಕೆ ಹೇಳಿದ್ದೇನೆ. ಬೇರೆ ಊರುಗಳಿಗೂ ಇದು ಹೋಗುವುದಿಲ್ಲ. "ಬೇರೆ ಚಿತ್ರ ಕೊಡ್ತೀನಿ" ಅಂದೆ. "ನನಗೆ ಬೇಕಾಗಿದ್ದು ಇದು" ಅಂದರು. ಆ ಮಾತು ಅಲ್ಲಿಗೆ ಮುಗಿಯಿತು. ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ. ಇದೆ. ಆದರೆ ಅಪ್ಪ ದಿನಾ ಬೆಳಿಗ್ಗೆ ಬಂತಾ ಅಂತ ಕೇಳುತ್ತಿರುವಾಗ ನಾನು ಯಾವ ಮುಖ ಇಟ್ಟುಕೊಂಡು ಊರೂರಿಗೆ ದಾರಿ ತೋರಿಸಲಿ?

ಪ್ರದರ್ಶನ ಮುಗಿದ ತಕ್ಷಣ ನಾನೇ ತರುತ್ತೇನೆ. ವಾದ ಮಾಡಬೇಡ.

ಗಡಿಬಿಡಿ


ಜನವರಿ 30

ಮಗನೇ,

ಬೇಡ, ನಿನ್ನ ಕೆಲಸ ಹಾಳು ಮಾಡಿಕೊಳ್ಳಬೇಡ ಅಂತ ಎರಡು ಪುಟ ಬರೆದೆ. ಓದಿದೆ. ಹರಿದೆ.

ಬಾ. ಸುತ್ತುವಾಗ ಬಣ್ಣ ಹೊರಗಿರಲಿ.

ಅಮ್ಮ


ಮಾರ್ಚ್ 20

ಅಮ್ಮಾ,

ತಲುಪಿದೆ. ತಿಂದೆ ಕೂಡ. ಇದು ಸುಳ್ಳಲ್ಲ.

ಕೋಣೆ ಇಲ್ಲಿ ತೀರಾ ಮೌನವಾಗಿದೆ. ನಿಮ್ಮಿಬ್ಬರ ಮಧ್ಯೆ ಕಳೆದ ದಿನಗಳನ್ನೇ ಮೆಲುಕು ಹಾಕುತ್ತಿದ್ದೇನೆ. ನಾನು ಪೈಪು ಹೊತ್ತುಕೊಂಡು ಒಳಗೆ ಬಂದಾಗ ಅಪ್ಪ ಎದ್ದು ನಿಂತು "ಡಿಪೋದಿಂದಾನಾ?" ಅಂದದ್ದು. ಕ್ಯಾನ್ವಾಸನ್ನು ನೆಲದ ಮೇಲೆ ಮಲಗಿಸಿದಾಗ, "ಪೂರ್ತಿ ಬಿಚ್ಚಿಟ್ಟಿದೀರಲ್ರೀ, ಜೋಡಿಸೋಕೆ ಬರುತ್ತಾ?" ಅಂತ ಅನುಮಾನದಿಂದ ಸುತ್ತು ಹೊಡೆದದ್ದು. ನೀನು ಆ ಕಡೆ ಇಕ್ಕಳ, ನಾನು ಈ ಕಡೆ ಪಿನ್ನು. ನಡು, ಎದುರಿನ ನಡು. ಅಪ್ಪ ನನ್ನ ಕೈಯನ್ನೇ ನೋಡುತ್ತಿದ್ದರು.

"ಕೆಲಸ ಚೊಕ್ಕ ಇದೆ ಮೆಕ್ಯಾನಿಕ್. ಯಾರ ಹತ್ರ ಕಲಿತಿದ್ದು?"

"ನಮ್ಮಮ್ಮನ ಹತ್ರ."

"ಒಳ್ಳೆಯೋರು ಇರ್ಬೇಕು."

ನೀನು ಬೆಣೆ ಹುಡುಕಿಕೊಂಡು ಬರುತ್ತೇನೆ ಅಂತ ಆಚೆ ಹೋದೆ. ಬೆಣೆ ನಿನ್ನ ಕೈಯಲ್ಲೇ ಇತ್ತು.

ಎತ್ತಿ ನಿಲ್ಲಿಸಿದ ಮೇಲೆ ಅವರು ಸ್ಟೂಲಿನ ಮೇಲೆ ಕೂತು ಕಾಲು ಚಾಚಿದರಲ್ಲ, ಪಾದ ಹುಡುಕಲೇ ಇಲ್ಲ. ನೇರವಾಗಿ ತನ್ನ ಜಾಗಕ್ಕೆ ಹೋಯಿತು. ಅದೊಂದನ್ನು ನೋಡಿದ್ದಕ್ಕೆ ನನಗೆ ಯಾವ ಗೋಡೆ ಹೋದರೂ ಚಿಂತೆಯಿಲ್ಲ.

ಆದರೂ ನಿನ್ನ ಹತ್ತಿರ ಮುಚ್ಚಿಡುವುದು ಯಾಕೆ? ಇದ್ದಷ್ಟು ದಿನವೂ ನಾನು ಮೆಕ್ಯಾನಿಕ್ ಆಗಿಯೇ ಇದ್ದೆ. ಹೊರಡುವಾಗ ಅವರು ಓಡಿಸುತ್ತಿದ್ದರು. ಓಡಿಸುವಾಗ ಮಾತಾಡಿಸಬಾರದು ಅಂತ ಚಿಕ್ಕಂದಿನಲ್ಲೇ ಕಲಿಸಿದ್ದಾರೆ, ಹಾಗಾಗಿ ಬೆನ್ನಿಗೆ ನಮಸ್ಕಾರ ಮಾಡಿ ಬಂದೆ. ಒಂದೇ ಒಂದು ಸಲ ಗಡಿಬಿಡಿ ಅಂದಿದ್ದರೆ ಸಾಕಿತ್ತು.

ಅಂದ ಹಾಗೆ ನನ್ನ ಇಕ್ಕಳ ಕಾಣುತ್ತಿಲ್ಲ. ಅಲ್ಲೇನಾದರೂ ಇದೆಯಾ ನೋಡು.

ನಿನ್ನ ಮಗ


ಏಪ್ರಿಲ್ 2

ನನ್ನ ಗಡಿಬಿಡಿಗೆ,

ಇಕ್ಕಳ ಇಲ್ಲೇ ಇದೆ. ಹಿಂದಿನ ಬೆಂಚಿನ ಮೇಲೆ ಬಿಟ್ಟು ಹೋಗಿದ್ದೀಯ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುವುದು ಇದಕ್ಕೇ.

ನಿಮ್ಮಪ್ಪ ಈಗ ತಟ್ಟೆ ಖಾಲಿ ಮಾಡುತ್ತಾರೆ. ಟೈಲರಮ್ಮನೂ ಒಮ್ಮೊಮ್ಮೆ ಬಟ್ಟೆ ತಂದುಕೊಂಡು ಬಂದು ಬಸ್ಸು ಹತ್ತುತ್ತಾಳೆ. ಬ್ರೇಕು ಈಗ ಚೆನ್ನಾಗಿ ಹಿಡಿಯುತ್ತದಂತೆ.

ಇವತ್ತು ಬೆಳಿಗ್ಗೆ ಎಂದಿನಂತೆ ಹೊರಟೆವು. ಸ್ವಲ್ಪ ದೂರ ಹೋಗಿರಬೇಕು, ಟೈಲರಮ್ಮನ ಕಡೆ ತಿರುಗಿ ಏನೋ ಹೇಳಲು ಹೋದವರ ಕಣ್ಣು ಬೆಂಚಿನ ಮೇಲಿನ ಇಕ್ಕಳದ ಮೇಲೆ ಬಿತ್ತು. ಕೈ ಚಾಚಿ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಕಾಲನ್ನು ಆ ಸವೆದ ಜಾಗದಿಂದ ಎತ್ತಿ, ಪಕ್ಕಕ್ಕೆ ಒತ್ತಿದರು. ಬ್ರೇಕು.

ಯಾಕೆ ನಿಲ್ಲಿಸಿದ್ರಿ ಅಂದೆ.

"ಗಡಿಬಿಡಿ ಇದನ್ನ ಮರೆತು ಇಳಿದಿದಾನೆ" ಅಂದರು.

ಟೈಲರಮ್ಮ ಹೊಲಿಯುತ್ತಿದ್ದ ಸೂಜಿ ಹಾಗೇ ಹಿಡಿದುಕೊಂಡಳು. ಹೊತ್ತಾಗುತ್ತಲ್ಲ, ಹಿಂದಿನವರು ಗೊಣಗ್ತಾರೆ ಅಂದೆ, ಇನ್ನೊಂದು ಸಲ ಆ ಹೆಸರು ಹೇಳಲಿ ಅಂತ.

ಹೇಳಲಿಲ್ಲ. ಇಕ್ಕಳವನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ದಾರಿಯನ್ನೇ ನೋಡುತ್ತ, "ಗೊಣಗ್ಲಿ. ಓಡಿ ಬರ್ತಾನೆ, ನೋಡ್ತಿರಿ" ಅಂದರು.

ಬಸ್ಸು ನಿಂತೇ ಇದೆ, ಮಗನೇ. ಊಟಕ್ಕೆ ಕರೆದರೂ ಎದ್ದಿಲ್ಲ. ನಾನೂ ಹಿಂದಿನ ಬೆಂಚಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಅಮ್ಮ